ಮನುಕಾ ಜೇನಿನ ಡಬ್ಬಿಯನ್ನು ಓದುವುದು ಹೇಗೆ?

ನ್ಯೂಜಿಲೆಂಡಿನಿಂದ ಬರುವ ಬಂಧುಗಳು ಕೈಗಿಡುವ, ಮನುಕಾ ಎಂಬ ಗಿಡದ ಹೂವಿನ ಜೇನಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನೀವೇ ಕೊಳ್ಳುವುದಾದರೆ ಮೊದಲು ಡಬ್ಬಿಯ ಮೇಲೆ ‘ಮೊನೊಫ್ಲೋರಲ್’ ಎಂದಿದೆಯೋ ‘ಮಲ್ಟಿಫ್ಲೋರಲ್’ ಎಂದಿದೆಯೋ ನೋಡಿ. ಎರಡನೆಯದರಲ್ಲಿ ಬೇರೆ ಹೂಗಳ ಜೇನು ಹೆಚ್ಚು ಬೆರೆತಿರುತ್ತದೆ. 2018ರಿಂದ ಅಲ್ಲಿನ ಸರ್ಕಾರವು ನಾಲ್ಕು ರಾಸಾಯನಿಕ ಗುರುತುಗಳನ್ನೂ ಒಂದು ಡಿಎನ್‌ಎ ಗುರುತನ್ನೂ ಪರೀಕ್ಷಿಸಿದ ಮೇಲಷ್ಟೇ ಮನುಕಾ ಎಂಬ ಹೆಸರಿನಲ್ಲಿ ರಫ್ತಿಗೆ ಬಿಡುತ್ತಿದೆ.

ಅನಂತರ ಅಂಕಿಯನ್ನು ಓದಬೇಕು. ಜನ ಮೋಸಹೋಗುವುದು ಇಲ್ಲಿಯೇ. ಮನುಕಾ ಹೂವಿನ ಮಕರಂದದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ಎಂಬ ವಸ್ತುವು ಜೇನನ್ನು ತೆಗೆದಿಟ್ಟ ತಿಂಗಳುಗಳಲ್ಲಿ ನಿಧಾನವಾಗಿ ಮೀಥೈಲ್‌ಗ್ಲೈಆಕ್ಸಲ್ ಆಗಿ ಮಾರ್ಪಡುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯುವ ಈ ಜೇನಿನ ವಿಶೇಷ ಶಕ್ತಿಗೆ ಮುಖ್ಯ ಕಾರಣ ಅದೇ ಎಂಬುದು 2008ರಲ್ಲಿ ಬೆಳಕಿಗೆ ಬಂತು. ‘ಎಂಜಿಒ 263’ ಎಂದರೆ ಒಂದು ಕಿಲೋ ಜೇನಿನಲ್ಲಿ ಕನಿಷ್ಠ 263 ಮಿಲಿಗ್ರಾಂ ಮೀಥೈಲ್‌ಗ್ಲೈಆಕ್ಸಲ್ ಇದೆಯೆಂದು ಅರ್ಥ. ಮನುಕಾ ಜೇನಿನ ದರ್ಜೆ ಹೇಳುವ ಇನ್ನೊಂದು ಗುರುತಾದ ‘ಯುಎಂಎಫ್ 10+’ ಮುದ್ರೆಯಿದ್ದರೂ ಅಷ್ಟೇ ಇರಬೇಕು, 15+ ಆದರೆ 514. ಬರಿದೇ ‘ಆ್ಯಕ್ಟಿವ್’ ಎಂದು ಬರೆದು ಪಕ್ಕದಲ್ಲೊಂದು ಅಂಕಿ ಹಾಕಿದ್ದರೆ ನಂಬಬೇಡಿ: ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಶಕ್ತಿಯೂ ಸೇರಿರಬಹುದು, ಆ ಶಕ್ತಿ ನಮ್ಮ ತುಡುವೆ ಜೇನಿಗೂ ಇದೆ.

ಮನುಕಾ ಜೇನು ಲೋಳೆಯಂತೆ ಗಟ್ಟಿ. ಕಲಕಿದರೆ ಸಡಿಲಾಗಿ ಹರಿಯುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ಹಾಗಾಗಿ ತಿರುಗಿಸಿ ತೆಗೆಯುವ ಮೊದಲು ಎರಿಯ ಕೋಶಗಳನ್ನು ಸಣ್ಣ ಸೂಜಿಗಳಿಂದ ಚುಚ್ಚಿ ಅಲುಗಿಸಬೇಕಾಗುತ್ತದೆ.

ಕೊನೆಯದಾಗಿ, ಬಳಕೆ. ತಿನ್ನುವ ಡಬ್ಬಿಯಿಂದ ಬೆರಳದ್ದಿ ಗಾಯಕ್ಕೆ ಹಚ್ಚಬಾರದು. ವೈದ್ಯಕೀಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧೀಕರಿಸಿರುತ್ತಾರೆ, ಏಕೆಂದರೆ ಸಾಮಾನ್ಯ ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಯಾವ ಜೇನನ್ನೂ ಸವರಬಾರದೆನ್ನುವುದೂ ಇದಕ್ಕೇ. ಔಷಧಿ ಅಂಗಡಿಯಿಂದ ತಂದ ವೈದ್ಯಕೀಯ ಜೇನನ್ನು ನೇರವಾಗಿ ಗಾಯಕ್ಕೆ ಸುರಿಯದೆ ಪಟ್ಟಿಯ ಮೇಲೆ ಹರಡಿ ಕಟ್ಟಿದರೆ ಚೆನ್ನಾಗಿ ನಿಲ್ಲುತ್ತದೆ, ರಸಿಕೆ ಒಸರಿ ಜೇನು ತೆಳುವಾದಾಗ ಪಟ್ಟಿಯನ್ನು ಬದಲಿಸಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಮಾತ್ರ ವೈದ್ಯರನ್ನು ಕೇಳದೆ ಇದನ್ನು ಕಟ್ಟಕೂಡದು.