ಥಿಸಲ್‌ಗಾರ್ಮ್‌ನಿಂದ ಮೇಲೇರುವಾಗ ನಾನು ಮಾಡುವುದು

ಕೆಂಪು ಸಮುದ್ರದಲ್ಲಿ ಮುಳುಗಿರುವ ಥಿಸಲ್‌ಗಾರ್ಮ್ ಹಡಗಿಗೆ ಡೈವ್ ಮಾಡಲು ಬರುವವರು ದೋಣಿಯಲ್ಲಿ ವಿಚಾರಿಸುವುದು ಒಳಗಿರುವ ಬೈಕು, ಲಾರಿಗಳ ಬಗ್ಗೆ. ನಾನು ಕ್ಯಾಪ್ಟನ್‌ನನ್ನು ಕೇಳುವುದು ಬೇರೆಯೇ. ನಾವು ಇಳಿದು ಏರುವ ಹಗ್ಗ ತಪ್ಪಿ ಅರ್ಧ ಕಿಲೋಮೀಟರ್ ಆಚೆ ತೇಲಿದರೆ ರಬ್ಬರ್ ದೋಣಿ ತರುವವರು ಯಾರು? ಆ ಹೊತ್ತಿಗೆ ಅವರು ಅದರಲ್ಲೇ ಕೂತಿರುತ್ತಾರೋ, ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾರೋ? ದೊಡ್ಡ ದೋಣಿಯನ್ನು ಹಡಗಿಗೇ ಕಟ್ಟಿರುತ್ತಾರೆ, ಅದು ಥಟ್ಟನೆ ಬಿಚ್ಚಿಕೊಂಡು ನಮ್ಮ ಹಿಂದೆ ಬರಲಾರದು. ಉತ್ತರ ನೆಟ್ಟಗಿಲ್ಲದಿದ್ದರೆ ಆ ದಿನ ನಾನು ಹಗ್ಗದಿಂದ ಬಹಳ ದೂರ ಹೋಗುವುದಿಲ್ಲ.

ಹಡಗಿನ ಕಥೆ ಚುಟುಕಾಗಿ ಹೇಳುತ್ತೇನೆ. 1940ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್‌ನಲ್ಲಿ ನೀರಿಗಿಳಿದದ್ದು. ಆಫ್ರಿಕಾದಲ್ಲಿದ್ದ ಬ್ರಿಟಿಷ್ ಸೇನೆಗೆ ಸಾಮಾನು ಹೊತ್ತು, ಗುಡ್ ಹೋಪ್ ಭೂಶಿರ ಸುತ್ತಿ ಬಂದು, ಸೂಯೆಜ್ ದಾರಿ ತೆರೆಯಲೆಂದು ಶಾಬ್ ಅಲಿ ಎಂಬ ಹವಳದ ದಿಬ್ಬದ ಹತ್ತಿರ ಲಂಗರು ಹಾಕಿ ಕಾಯುತ್ತಿತ್ತು. 1941ರ ಅಕ್ಟೋಬರ್ 6ರಂದು ನಡುರಾತ್ರಿ ಕಳೆದ ಮೇಲೆ ಜರ್ಮನ್ ವಿಮಾನದ ಬಾಂಬು ಹಿಂಭಾಗದ ಸರಕುಕೋಣೆಗೆ ಬಿತ್ತು, ಒಳಗಿದ್ದ ಮದ್ದುಗುಂಡು ಸಿಡಿಯಿತು. ಒಂಬತ್ತು ಜನ ಸತ್ತರು. ಈಗ ಸುಮಾರು 30 ಮೀಟರ್ ಆಳದ ಮರಳಿನ ಮೇಲೆ ಕೂತಿದೆ. ಮುಂಭಾಗ ನೆಟ್ಟಗಿದೆ, ಹಿಂಭಾಗ ಮುರಿದು ವಾಲಿದೆ.

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ. ಅಲ್ಲಿ ಒಂದು ಮಗ್ಗುಲಲ್ಲಿ ನೀರಿನ ಸೆಳೆತ ಜೋರಿದ್ದರೆ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಬಹುದು. ಇಲ್ಲಿ ಮರೆ ಎಂದರೆ ಹಡಗಿನ ಮೈ ಮಾತ್ರ. ಮೇಲಿನ ನೀರು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹರಿಯುವುದೂ ಉಂಟು. ಹಾಗಾಗಿ ಮೇಲ್ಗಡೆ ನೋಡಿದ ದಿಕ್ಕನ್ನು ನಾನು ನಂಬುವುದಿಲ್ಲ. ಡೆಕ್ ಮುಟ್ಟಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ: ಬಿಟ್ಟ ಗುಳ್ಳೆ ಎತ್ತ ವಾಲುತ್ತಿದೆ, ಮೀನುಗಳು ಎತ್ತ ಮುಖ ಮಾಡಿ ನಿಂತಿವೆ.

ಇಳಿದ ಹಗ್ಗದ ಬುಡದಲ್ಲಿ ಅರ್ಧ ನಿಮಿಷ ನಿಲ್ಲುತ್ತೇನೆ. ಒಂದೇ ಬಾರಿಗೆ ನಾಲ್ಕಾರು ದೋಣಿಗಳ ಹಗ್ಗ ಬಿದ್ದಿರುತ್ತವೆ, ಎಲ್ಲವೂ ಒಂದೇ ತರಹ ಪಾಚಿ ಹಿಡಿದಿರುತ್ತವೆ. ನಮ್ಮದನ್ನು ಕಟ್ಟಿದ್ದು ಭಾರ ಎಳೆಯುವ ವಿಂಚಿಗೋ, ಕಂಬಿಗೋ, ಪಕ್ಕದಲ್ಲಿ ಏನಿದೆ ಅಂತ ಗುರುತು ಇಟ್ಟುಕೊಳ್ಳುತ್ತೇನೆ. ಆಮೇಲೆ ಸೆಳೆತಕ್ಕೆ ಎದುರಾಗಿ ಹೊರಡುವುದು, ವಾಪಸ್ ಬರುವಾಗ ಅದರ ಜೊತೆ ಬರುವುದು.

ಎಲ್ಲರಿಗೂ ಹೇಳಿಕೊಟ್ಟಿರುವ ಈ ಪಾಠ ಥಿಸಲ್‌ಗಾರ್ಮ್‌ನಲ್ಲಿ ಕೈಕೊಡುವುದು ಎರಡನೇ ಸರಕುಕೋಣೆಯಲ್ಲಿ. ಬಿಎಸ್‌ಎ ಬೈಕುಗಳನ್ನು ನೋಡುತ್ತ ಒಳಗಿರುವಷ್ಟು ಹೊತ್ತು ನೀರು ಅಲ್ಲಾಡುವುದೇ ಇಲ್ಲ. ಹೊರಗೆ ಸೆಳೆತ ಜೋರಾಗಿದ್ದರೂ, ದಿಕ್ಕು ಬದಲಾಗಿದ್ದರೂ ಗೊತ್ತಾಗುವುದು ತಲೆ ಹೊರಗೆ ಹಾಕಿದಾಗಲೇ. ಅದಕ್ಕೇ ಒಂದು ಕೋಣೆ ಮುಗಿಯುತ್ತಲೇ ಹೊರಗೆ ಇಣುಕಿ ನೋಡಿ ಇನ್ನೊಂದಕ್ಕೆ ಹೋಗುತ್ತೇನೆ. ಜೊತೆಗಾರರಿಗೆ ಇದು ಕಿರಿಕಿರಿ, ಇರಲಿ.

ಗಾಳಿಯ ಲೆಕ್ಕವನ್ನು ದೋಣಿಯಲ್ಲೇ ಮುಗಿಸಿರುತ್ತೇನೆ. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ಅಂದರೆ ನೀರಿನ ಮೇಲಿನದರ ನಾಲ್ಕು ಪಟ್ಟು; ಗಾಳಿಯೂ ನಾಲ್ಕು ಪಟ್ಟು ಖರ್ಚಾಗುತ್ತದೆ. ಜೊತೆಗಾರನ ಗಾಳಿ ಪೂರ್ತಿ ಹೋಯಿತು, ಇಬ್ಬರೂ ನನ್ನ ಸಿಲಿಂಡರಿನಿಂದಲೇ ಉಸಿರಾಡಬೇಕು ಎಂದಿಟ್ಟುಕೊಳ್ಳಿ. ನೀರಿನ ಮೇಲಿನ ಲೆಕ್ಕದಲ್ಲಿ ತಲೆಗೆ ನಿಮಿಷಕ್ಕೆ 20 ಲೀಟರ್. ಕೆಳಗೆ ಸುಧಾರಿಸಿಕೊಳ್ಳಲು ಒಂದು ನಿಮಿಷ: 160 ಲೀಟರ್. ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ ಏರಲು ನಾಲ್ಕು ನಿಮಿಷ, ಸರಾಸರಿ 2.5 ಬಾರ್: 400. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಐದು ಮೀಟರ್‌ನಲ್ಲಿ, 1.5 ಬಾರ್ ಒತ್ತಡದಲ್ಲಿ, ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್: 180. ಒಟ್ಟು 740 ಲೀಟರ್, ಅಂದರೆ 12 ಲೀಟರ್ ಸಿಲಿಂಡರಿನಲ್ಲಿ 62 ಬಾರ್. ನಾನು 70 ಅಂತ ಹಿಡಿಯುತ್ತೇನೆ. ಗಾಳಿಯ ಮೀಟರು 70 ಬಾರ್ ತೋರಿಸುವ ಹೊತ್ತಿಗೆ ಮೇಲೇರಲು ಶುರು ಮಾಡಿರಬೇಕು. 90ಕ್ಕೆ ಬಂದರೂ ನಮ್ಮ ಹಗ್ಗ ಕೈಗೆ ಸಿಕ್ಕಿಲ್ಲವೆಂದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

"ಹಗ್ಗ ಅಲ್ಲೇ ಕಾಣ್ತಾ ಇತ್ತಲ್ಲ, ಹೋಗಬಹುದಿತ್ತು" ಅಂತ ಮಂಗಳೂರಿನ ಗೆಳೆಯನೊಬ್ಬ ಮೇಲೆ ಬಂದ ಮೇಲೆ ತಕರಾರು ತೆಗೆದಿದ್ದ. "ಕಾಣೋದು ಬೇರೆ, ತಲುಪೋದು ಬೇರೆ ಮಾರಾಯ" ಅಂದೆ. ಸೆಳೆತಕ್ಕೆ ಎದುರಾಗಿ ಜೋರಾಗಿ ಕಾಲಿನ ಫಿನ್ ಹೊಡೆದರೆ ಗಾಳಿ ಖರ್ಚಾಗುವುದು ಒಂದು ಕಡೆ. ಆಳದಲ್ಲಿ ದಪ್ಪಗಾದ ಗಾಳಿಯನ್ನು ಎಳೆದೆಳೆದು ಉಸಿರಾಡುವಾಗ ಇಂಗಾಲದ ಡೈಆಕ್ಸೈಡ್ ಮೈಯಲ್ಲೇ ಉಳಿದು, ಏದುಸಿರು ಹತ್ತಿ, ಗಾಬರಿ ಶುರುವಾಗುತ್ತದೆ. ನನ್ನ ಮಟ್ಟಿಗೆ ಅಪಾಯ ಅಂದರೆ ಅದೇ. ತೇಲಿಹೋಗುವುದಲ್ಲ.

ಹಗ್ಗ ಬಿಡುವುದೆಂದು ಗೊತ್ತಾದ ಮೇಲೆ ಅವಸರವಿಲ್ಲ. ಸೆಳೆತ ಹೋಗುವ ದಿಕ್ಕಿನಲ್ಲಿ ಬೇರೆ ದೋಣಿಗಳ ಹಗ್ಗ ಇವೆಯಾ ನೋಡಿ, ಇಲ್ಲದ ಕಡೆಗೆ ಸರಿದು, ಡೆಕ್‌ನ ಮರೆಯಲ್ಲಿ ಎಸ್‌ಎಂಬಿ, ಅಂದರೆ ಕಿತ್ತಳೆ ಬಣ್ಣದ ಉದ್ದನೆಯ ತೇಲುಬುರುಡೆ, ಬಿಚ್ಚಿಕೊಳ್ಳುತ್ತೇನೆ. ಅದಕ್ಕೆ ಕಟ್ಟಿದ ಸ್ಪೂಲಿನ, ಅಂದರೆ ಉರುಳೆಯ, ದಾರ ಎಲ್ಲೂ ಸುತ್ತಿಕೊಂಡಿಲ್ಲ ಅಂತ ಬೆರಳಲ್ಲೇ ತಡವಿ ನೋಡುತ್ತೇನೆ. ಆಮೇಲೆ ಹಡಗನ್ನು ಬಿಡುವುದು, ಬಿಟ್ಟ ಮೇಲೆಯೇ ಊದುವುದು. ಹಡಗನ್ನು ಹಿಡಿದುಕೊಂಡೇ ಊದಿದರೆ ಬುರುಡೆಯನ್ನು ಸೆಳೆತ ಓರೆಯಾಗಿ ಎಳೆದುಕೊಂಡು ಹೋಗುತ್ತದೆ, ಮೇಲೆ ತಲುಪುವ ಮೊದಲೇ ದಾರ ಮುಗಿದುಹೋಗುತ್ತದೆ. 20 ಮೀಟರ್‌ನಲ್ಲಿ ಮೂರನೇ ಒಂದು ಭಾಗ ತುಂಬಿದರೆ ಸಾಕು, ಮೇಲೆ ಹೋಗುವಷ್ಟರಲ್ಲಿ ಉಬ್ಬಿ ಮೂರು ಪಟ್ಟಾಗುತ್ತದೆ. ಸ್ಪೂಲು ಹೆಬ್ಬೆರಳು, ತೋರುಬೆರಳ ನಡುವೆ ತಿರುಗುತ್ತಿರುತ್ತದೆ. ಅದನ್ನು ಮೈಮೇಲಿನ ಯಾವ ಕೊಂಡಿಗೂ ಸಿಕ್ಕಿಸಿರುವುದಿಲ್ಲ. ದಾರ ತೊಡಕಿಕೊಂಡಿತೋ, ಕೈಬಿಟ್ಟುಬಿಡುತ್ತೇನೆ. ಜೊತೆಗಾರನ ಹತ್ತಿರ ಇನ್ನೊಂದಿದೆ.

ಸೆಳೆತದ ಜೊತೆ ಹೊರಟ ಮೇಲೆ ಸೆಳೆತವೇ ಗೊತ್ತಾಗುವುದಿಲ್ಲ. ನಾವೂ, ಬುರುಡೆಯೂ ಒಟ್ಟಿಗೇ ಸಾಗುತ್ತೇವೆ, ದಾರ ನೆಟ್ಟಗಿರುತ್ತದೆ, ಸುತ್ತ ಬರಿಯ ನೀಲಿ. ಕಣ್ಣಿಗೆ ಆಧಾರವಿಲ್ಲದ್ದರಿಂದ ಏರುತ್ತಿದ್ದೇವೋ, ಇಳಿಯುತ್ತಿದ್ದೇವೋ ತಿಳಿಯದು. ಒಬ್ಬರು ದಾರ ಸುತ್ತಬೇಕು, ಇನ್ನೊಬ್ಬರು ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡಿ ಹೇಳುತ್ತಿರಬೇಕು.

ಹಗ್ಗ ಸಿಕ್ಕಿದ ದಿನ ಸುಖವೇನೂ ಅಲ್ಲ. ಐದು ಮೀಟರ್‌ನಲ್ಲಿ ಗಾಳಿಗೆ ಒಣಹಾಕಿದ ಪಂಚೆಯ ಹಾಗೆ ಅಡ್ಡಡ್ಡ ಹಾರುತ್ತ ನೇತಾಡಬೇಕು. ಅಲೆಗೆ ದೋಣಿ ಏರಿಳಿದಂತೆಲ್ಲ ಹಗ್ಗವೂ ಜಗ್ಗುತ್ತದೆ, ತೋಳು ಸೋಲುತ್ತದೆ. ಒಂದೂವರೆ ಮೀಟರಿನ ತುಂಡು ದಾರವೊಂದನ್ನು ಜೇಬಿನಲ್ಲಿಟ್ಟಿರುತ್ತೇನೆ. ಒಂದು ತುದಿ ಹಗ್ಗಕ್ಕೆ, ಇನ್ನೊಂದು ಕೈಗೆ. ಜಗ್ಗಾಟ ಅರ್ಧ ಇಳಿಯುತ್ತದೆ, ಹಿಂದಿನವರಿಗೂ ಹಗ್ಗದ ಮೇಲೆ ಜಾಗ ಸಿಗುತ್ತದೆ. ಮಾಸ್ಕಿನ ಮೇಲೆ ನೀರು ಬಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬಾರದು, ಸೆಳೆತ ಮಾಸ್ಕನ್ನೇ ಕಿತ್ತುಕೊಂಡು ಹೋದೀತು.

ಮೇಲೆ ಬಂದ ಮೇಲೂ ಉಸಿರಾಟದ ರೆಗ್ಯುಲೇಟರ್ ಬಾಯಲ್ಲೇ, ಮಾಸ್ಕ್ ಮುಖದಲ್ಲೇ. ಬುರುಡೆಯ ದಾರವನ್ನು ಕೆಳಕ್ಕೆ ಜಗ್ಗಿ ಹಿಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, ಅಲೆಯ ನಡುವೆಯೂ ದೂರದವರಿಗೆ ಕಾಣುತ್ತದೆ. ದೋಣಿಯತ್ತ ಈಜುವ ಉಸಾಬರಿ ಬೇಡ. ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ರಬ್ಬರ್ ದೋಣಿ ಬರುವವರೆಗೆ ಕಾಯುವುದು. ಹತ್ತಿದವನು ಮೊದಲು ಕ್ಯಾಪ್ಟನ್‌ಗೆ ಹೇಳಬೇಕಾದದ್ದು ಕೆಳಗಿನ ಸೆಳೆತ ಎತ್ತ ತಿರುಗಿದೆ ಅನ್ನುವುದನ್ನು. ಇಳಿಯಲು ಸಜ್ಜಾಗಿ ನಿಂತಿರುವ ಮುಂದಿನ ಗುಂಪಿಗೆ ಅದು ಬೇಕು.