ರಾಡಿಗೆ ಹಿಡಿದ ಸುಣ್ಣ ಬಿಡಿಸುವುದು ಹೇಗೆ?

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬೋರಿನ ನೀರು ಕಾಯಿಸುವ ರಾಡು ನೋಡನೋಡುತ್ತ ಬಿಳಿ ಸುಣ್ಣ ಮೆತ್ತಿಕೊಂಡು ದಪ್ಪವಾಗುತ್ತದೆ. ನೆಲದಡಿ ಇರುವುದೇ ಸುಣ್ಣದಕಲ್ಲು. ಅದರ ಸಂದಿಯಲ್ಲಿ ಹಾದ ನೀರು ಕ್ಯಾಲ್ಸಿಯಂ ಹೊತ್ತೇ ಮೇಲೆ ಬರುತ್ತದೆ. ಕಾದಾಗ ನೀರಿನಲ್ಲಿದ್ದ ಬೈಕಾರ್ಬೊನೇಟ್ ಒಡೆದು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ರಾಡಿನ ಬಿಸಿ ಮೈಗೆ ಅಂಟುತ್ತದೆ.

"ಸುಣ್ಣ ಹಿಡ್ದದ, ಸ್ವಲ್ಪ ಬಡಿ" ಎನ್ನುವ ಮಾತು ನಮ್ಮ ಮನೆಯಲ್ಲೂ ಇತ್ತು. ದಯವಿಟ್ಟು ಬಡಿಯಬೇಡಿ. ರಾಡಿನ ಹೊರಗಿನ ಕೊಳವೆ ಸೀಳಿದರೆ ನೀರಿಗೆ ಕರೆಂಟು ಇಳಿಯುತ್ತದೆ.

ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, 30 ಗ್ರಾಂ ಸಾಕು. ಪ್ಲಗ್ ಕಿತ್ತು ರಾಡನ್ನು ಪೂರ್ತಿ ಆರಲು ಬಿಡಿ. ಎತ್ತರದ ಪ್ಲಾಸ್ಟಿಕ್ ಡಬ್ಬಿಯಲ್ಲಿ 1 ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ, ಸುಣ್ಣ ಹಿಡಿದ ಭಾಗವನ್ನಷ್ಟೇ ಮುಳುಗಿಸಿ. ಹಿಡಿಕೆ ನೆನೆಯಬಾರದು. ಆ ನೀರಿನಲ್ಲಿ ರಾಡು ಚಾಲೂ ಮಾಡಲೇಬಾರದು.

ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಸುಯ್ ಎನ್ನುವುದು ಕೇಳುತ್ತದೆ. ಆಮ್ಲದ ಹೈಡ್ರೋಜನ್, ಸುಣ್ಣದ ಕಾರ್ಬೊನೇಟಿಗೆ ತಾಗಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಏಳುತ್ತಿರುತ್ತದೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಕೆಲಸವೇ ನನಗೆ ಹೆಚ್ಚು ಇಷ್ಟ. ಸುಣ್ಣದ ಹರಳಿನ ಮೈ ನಮಗೆ ನುಣುಪು ಕಂಡರೂ ಕಣಗಳ ಮಟ್ಟದಲ್ಲಿ ಅದು ಮೆಟ್ಟಿಲು ಮೆಟ್ಟಿಲು. ಸಪಾಟು ಜಾಗದ ಕ್ಯಾಲ್ಸಿಯಂ ಕಣವನ್ನು ಐದು ಕಡೆಯಿಂದ ನೆರೆಯವರು ಹಿಡಿದಿರುತ್ತಾರೆ. ಮೆಟ್ಟಿಲ ಮುರುಕಿನಲ್ಲಿರುವುದನ್ನು ಮೂರೇ ಕಡೆಯಿಂದ. ಸಡಿಲಾಗಿರುವ ಅದೇ ಮೊದಲು ಹೊರಡುವುದು. ಒಂದು ಹೋದರೆ ಪಕ್ಕದ್ದು ಮುರುಕಾಗುತ್ತದೆ. ಹೊರಬಂದ ಕ್ಯಾಲ್ಸಿಯಂ ಮತ್ತೆ ಹರಳಿಗೆ ಸೇರದಂತೆ ಸಿಟ್ರೇಟ್, ಅಂದರೆ ಹೈಡ್ರೋಜನ್ ಬಿಟ್ಟುಕೊಟ್ಟ ಸಿಟ್ರಿಕ್ ಆಮ್ಲ, ಅದನ್ನು ಹಲವು ಕಡೆಯಿಂದ ಒಟ್ಟಿಗೆ ಹಿಡಿಯುತ್ತದೆ. ಇಂಥ ಹಿಡಿತಕ್ಕೆ 1920ರಲ್ಲಿ ಕೀಲೇಟ್ ಎಂಬ ಹೆಸರು ಬಂತು. ಗ್ರೀಕ್ ಮೂಲದ ಅರ್ಥ ಏಡಿಯ ಇಕ್ಕಳ.

ಸೋಪು, ಶಾಂಪೂ ಕವರಿನ ಮೇಲೆ ಇಡಿಟಿಎ ಎಂದು ಓದಿರುತ್ತೀರಿ. ಅದೂ ಕ್ಯಾಲ್ಸಿಯಂ ಹಿಡಿಯುವ ಇಂಥದೇ ರಾಸಾಯನಿಕ, ಅದರದು ಇನ್ನೂ ಗಟ್ಟಿ ಹಿಡಿತ: ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್, ಒಟ್ಟು ಆರು ಕೈ. ಕ್ಷಾರದ ನೀರಿನಲ್ಲೂ ಕ್ಯಾಲ್ಸಿಯಂ ಬಿಡುವುದಿಲ್ಲ. ಕಾಲೇಜು ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆಯುವುದೂ ಇದರಿಂದಲೇ. ನೀರಿಗೆ ಹಾಕಿದ ಸೂಚಕದ ಕೆಂಪು ಬಣ್ಣ ನೀಲಿಗೆ ತಿರುಗಿದಲ್ಲಿ ಲೆಕ್ಕ ಮುಗಿಯುತ್ತದೆ.

ಹತ್ತು ನಿಮಿಷಕ್ಕೊಮ್ಮೆ ರಾಡನ್ನು ಅಲ್ಲಾಡಿಸಿ, ಮೈಗೆ ಹೊಸ ನೀರು ತಾಗಲಿ. ಬೇಗ ಆಗಲೆಂದು ಕುದಿಯುವ ನೀರು ಹಾಕಬೇಡಿ: ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ, ಬಿಳಿ ಪುಡಿಯಾಗಿ ಮತ್ತೆ ಕೂರುತ್ತದೆ. 30 ಗ್ರಾಂ ನಿಂಬೆ ಉಪ್ಪು ಸುಮಾರು 20 ಗ್ರಾಂ ಸುಣ್ಣವನ್ನಷ್ಟೇ ತಿನ್ನಬಲ್ಲದು. ಗುಳ್ಳೆ ನಿಂತರೂ ಪದರ ಉಳಿದಿದ್ದರೆ ದ್ರಾವಣ ಚೆಲ್ಲಿ ಹೊಸದು ಮಾಡಿ. ಕೊನೆಗೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಬಳಸಿ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ. ಅದು ನಿಂಬೆ ಉಪ್ಪಿಗೆ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಡಬ್ಬಿಯನ್ನು ಪ್ಲಾಸ್ಟಿಕ್ ಟಬ್ಬಿನೊಳಗೇ ಇಡಿ. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಫರ್ಸಿ ಕಲ್ಲೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ ಉಪ್ಪಿಗೆ ರಾಡು ಯಾವುದು, ನೆಲ ಯಾವುದು ಗೊತ್ತಾಗುವುದಿಲ್ಲ. ಒಮ್ಮೆ ನಮ್ಮ ಬಚ್ಚಲಮನೆಯಲ್ಲಿ ಚೆಲ್ಲಿದ್ದನ್ನು ನಾನು ಕೂಡಲೇ ತೊಳೆಯಲಿಲ್ಲ. ಅಂಗೈಯಗಲದ ಹೊಳಪು ಹೋಯಿತು, ಬರಿಗಾಲಿಟ್ಟರೆ ಆ ಜಾಗ ಇವತ್ತಿಗೂ ತರಿತರಿ.