ಹಾರುವ ಓತಿಯ ರೆಕ್ಕೆ ದೇವರ ಯೋಜನೆಯೋ, ಪ್ರಕೃತಿಯ ಜಾಣ್ಮೆಯೋ: ತೋಟದಲ್ಲೇ ಪರಿಶೀಲಿಸುವ ಬಗೆ

ಜೀವಲೋಕದ ಹೊಸತುಗಳೆಲ್ಲ ದೇವರ ಯೋಜನೆಯೋ, ಪ್ರಕೃತಿಯದೇ ಜಾಣ್ಮೆಯೋ ಎಂಬ ಪ್ರಶ್ನೆಯನ್ನು ಇಡಿಯಾಗಿ ಎತ್ತಿಕೊಂಡರೆ ಚರ್ಚೆ ಬೇಗನೆ ನಂಬಿಕೆಗಳ ಜಗಳವಾಗುತ್ತದೆ. ಆದ್ದರಿಂದ ಒಂದೇ ಜೀವಿಯ ಒಂದೇ ಅಂಗವನ್ನು ಆರಿಸಿಕೊಳ್ಳಿ. ಮಲೆನಾಡಿನವರಿಗೆ ಹಾರುವ ಓತಿಗಿಂತ ಒಳ್ಳೆಯ ಆಯ್ಕೆ ನನಗೆ ಕಾಣದು. ತೀರ್ಥಹಳ್ಳಿ, ಆಗುಂಬೆ ಕಡೆಯ ಅಡಿಕೆ ತೋಟಗಳಲ್ಲಿ ಬಿಸಿಲೇರಿದ ಮೇಲೆ ಕಾಂಡಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದರೆ, ತೊಗಟೆಯ ಬಣ್ಣದಲ್ಲೇ ಕರಗಿರುವ ಗಂಡು ಓತಿ ಗಂಟಲಿನ ಹಳದಿ ಚೀಲವನ್ನು ಬಿಚ್ಚಿದಾಗ ಕಣ್ಣಿಗೆ ಬೀಳುತ್ತದೆ. ಮರವೇರಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರನ್ನು ಕೇಳಿದರೆ ಇನ್ನೂ ಬೇಗ ಸಿಗುತ್ತದೆ. ಹಿಡಿಯಬೇಡಿ, ಅದು ರೆಕ್ಕೆ ಬಿಚ್ಚಿ ಇನ್ನೊಂದು ಮರಕ್ಕೆ ತೇಲುವವರೆಗೆ ಕಾಯಿರಿ.

ಯಾರು ಮಾಡಿದರು ಎಂದು ಕೇಳುವ ಮುನ್ನ, ಯಾವುದರಿಂದ ಆಗಿದೆ ಎಂದು ಕೇಳಿ. ಆ ರೆಕ್ಕೆಯೊಳಗೆ ಹೊಸ ಎಲುಬೇನೂ ಇಲ್ಲ. ಬೇಲಿಯ ಮೇಲಿನ ಸಾಮಾನ್ಯ ಓತಿಗೂ ಇರುವ ಪಕ್ಕೆಲುಬುಗಳೇ ಇಲ್ಲಿ ನೀಳವಾಗಿ, ಚರ್ಮದ ಪೊರೆಯನ್ನು ಕೊಡೆಯ ಕಡ್ಡಿಗಳಂತೆ ಹಿಡಿದು ನಿಂತಿವೆ. ತೇಲುವಾಗ ಓತಿ ಮುಂಗಾಲುಗಳಿಂದ ಪೊರೆಯ ಅಂಚನ್ನು ಹಿಡಿದುಕೊಳ್ಳುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮರ ಹತ್ತುವ ಕಾಲಿಗೆ ಇನ್ನೊಂದು ಕೆಲಸ ಸೇರಿಕೊಂಡಿದೆ, ಅಷ್ಟೆ. ಬಳಿಕ ಅದೇ ಕಾಡಿನ ಇತರ ಜೀವಿಗಳೊಡನೆ ಹೋಲಿಸಿ. ಹಾರುಬೆಕ್ಕು ಎಂದು ಕರೆಯುವ ಹಾರುವ ಅಳಿಲು ಕೈಕಾಲುಗಳ ನಡುವಿನ ಚರ್ಮವನ್ನು ಚಾಚುತ್ತದೆ, ಹಾರುವ ಕಪ್ಪೆ ಬೆರಳುಗಳ ನಡುವಿನ ಜಾಲಪೊರೆಯನ್ನು ಅಗಲಿಸುತ್ತದೆ, ಬಾವಲಿಗೆ ನೀಳವಾದ ಬೆರಳುಗಳೇ ರೆಕ್ಕೆ. ಅಗತ್ಯ ಒಂದೇ ಬಗೆಯದಾದರೂ ಪ್ರತಿಯೊಂದೂ ತನ್ನ ವಂಶದಿಂದ ಬಂದ ಸಾಮಗ್ರಿಯಲ್ಲೇ ದಾರಿ ಕಂಡುಕೊಂಡಿದೆ. ಫ್ರೆಂಚ್ ಜೀವವಿಜ್ಞಾನಿ ಫ್ರಾಂಸ್ವಾ ಜಾಕೋಬ್ 1977ರಲ್ಲಿ, ವಿಕಾಸವು ನಕ್ಷೆ ಹಿಡಿದ ಎಂಜಿನಿಯರನಂತಲ್ಲ, ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸುವವನಂತೆ ನಡೆಯುತ್ತದೆ ಎಂದದ್ದು ಇದನ್ನೇ.

ಮಕ್ಕಳಿಗೆ ವಿವರಿಸುವಾಗ ಅಡಿಕೆಯ ಹಾಳೆಟೊಪ್ಪಿಯನ್ನು ತೋರಿಸಿ. ಮರದಲ್ಲಿದ್ದಾಗ ಸೋಗೆಯ ಬುಡವಾಗಿ ಕಾಂಡವನ್ನು ಅಪ್ಪಿಕೊಂಡಿದ್ದ ಹಾಳೆ, ಉದುರಿದ ಮೇಲೆ ಟೊಪ್ಪಿಯೂ ಆಗುತ್ತದೆ, ತಟ್ಟೆಯೂ ಆಗುತ್ತದೆ. ಆದರೆ ಟೊಪ್ಪಿಯನ್ನು ಮಡಿಸುವ ಕೈಯೊಂದಿದೆಯಲ್ಲ ಎಂದು ಜಾಣ ಮಗು ಕೇಳಿಯೇ ಕೇಳುತ್ತದೆ, ಮತ್ತು ಆ ಆಕ್ಷೇಪ ಸರಿಯಾದದ್ದೇ. ಆಗ ಹೋಲಿಕೆಯನ್ನು ಬಿಟ್ಟು, ಕಣ್ಣೆದುರೇ ನಡೆದ ಪ್ರಯೋಗಕ್ಕೆ ಬನ್ನಿ. ಅಮೆರಿಕದ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾವನ್ನು 12 ಪ್ರತ್ಯೇಕ ಗುಂಪುಗಳಾಗಿ ಬೆಳೆಸತೊಡಗಿದರು. ಸುಮಾರು 31,500 ತಲೆಮಾರುಗಳಾದ ಮೇಲೆ ಒಂದೇ ಒಂದು ಗುಂಪು, ಆಮ್ಲಜನಕವಿರುವಾಗಲೂ ನಿಂಬೆಹುಳಿಯ ಲವಣವಾದ ಸಿಟ್ರೇಟನ್ನು ಉಣ್ಣುವ ಶಕ್ತಿ ಪಡೆಯಿತು. ಮೊದಲೇ ಇದ್ದ ಜೀನೊಂದು ಎರಡಾಗಿ, ಅದರ ನಕಲು, ಜೀನನ್ನು ಚಾಲೂ ಮಾಡುವ, ಆಮ್ಲಜನಕವಿದ್ದಾಗಲೂ ಕೆಲಸ ಮಾಡುವ ಬೇರೊಂದು ನಿಯಂತ್ರಕದ ಅಡಿಗೆ ಬಂದದ್ದು ಇದಕ್ಕೆ ಕಾರಣ. ಮಡಿಸುವ ಕೈ ಇಲ್ಲದೆಯೂ ಹೊಸ ಕಸುಬು ಹುಟ್ಟಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಎರಡೂ ಉತ್ತರಗಳಿಗೆ ಒಂದೇ ಅಳತೆಗೋಲು ಇರಲಿ: ಈ ಉತ್ತರ ನಿಜವಾದರೆ ಏನು ಕಾಣಬಾರದು? ಓತಿಯ ಬೆನ್ನಿನಲ್ಲಿ ಹಕ್ಕಿಯ ಗರಿ ಮೂಡಿದ್ದರೆ ವಿಕಾಸವಾದ ಕುಸಿಯುತ್ತಿತ್ತು. ದೇವರ ಇಚ್ಛೆ ಎಂಬ ಉತ್ತರ ಗರಿಗೂ ಹೊಂದುತ್ತದೆ, ಪೊರೆಗೂ ಹೊಂದುತ್ತದೆ, ಹೀಗಾಗಿ ಪೊರೆಯೇ ಏಕೆ ಬಂತೆಂದು ಅದು ಹೇಳಲಾರದು. ರೆಕ್ಕೆಯ ಸೊಬಗನ್ನು ಯೋಜನೆಯ ಲೆಕ್ಕಕ್ಕೆ ಬರೆಯುವವರು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಾಣುವನ್ನೂ ಅದನ್ನು ಹರಡುವ ಉಣುಗನ್ನೂ ಅದೇ ಲೆಕ್ಕಕ್ಕೆ ಬರೆಯಬೇಕಾಗುತ್ತದೆ. ಆ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡವರ ಎದುರು ಈ ಮಾತನ್ನು ವಾದಕ್ಕಾಗಿ ಎತ್ತಬೇಡಿ.

ಇಷ್ಟರಿಂದ ದೇವರಿಲ್ಲವೆಂದು ಸಾಧಿಸಿದಂತಾಗದು. ಡಾರ್ವಿನ್ನರ ಬೆಂಬಲಿಗರಾಗಿದ್ದ ಸಸ್ಯವಿಜ್ಞಾನಿ ಏಸಾ ಗ್ರೇ ಕೊನೆಯವರೆಗೂ ಆಸ್ತಿಕರಾಗಿದ್ದರು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕೆಂದು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ವಾದಿಸಿದರೆ, ಹೊಂಬುಜದಂಥ ಕ್ಷೇತ್ರದಲ್ಲಿ ಬೇರೂರಿದ ಜೈನಧರ್ಮ ಸೃಷ್ಟಿಕರ್ತನನ್ನೇ ಒಪ್ಪದೆ ಭಕ್ತಿಯನ್ನು ಉಳಿಸಿಕೊಂಡಿದೆ. ಜಗತ್ತು ಏಕಿದೆ ಎಂಬುದನ್ನು ಆ ಚರ್ಚೆಗೆ ಬಿಟ್ಟು, ರೆಕ್ಕೆ ಹೇಗೆ ಬಂತು ಎಂಬುದನ್ನು ಟಿಪ್ಪಣಿ ಪುಸ್ತಕದ ಬೇರೆಯೇ ಪುಟದಲ್ಲಿ ಬರೆಯಿರಿ. ಆ ಪುಟದಲ್ಲಿ ಉತ್ತರ ಸಿಗದ ಕಡೆ ದೇವರ ಹೆಸರನ್ನಾಗಲಿ ಪ್ರಕೃತಿಯ ಹೆಸರನ್ನಾಗಲಿ ತುಂಬಿಸದೆ, ಮುಂದಿನ ಸಲ ಯಾವ ಎಲುಬನ್ನು, ಯಾವ ನೆಂಟ ಜೀವಿಯನ್ನು ನೋಡಬೇಕೆಂದು ಗುರುತು ಹಾಕಿಕೊಳ್ಳಿ.